ಎರಡು ಪಾಯಿಂಟ್‌ಗಳ ನಡುವಿನ 25 ಸೆಕೆಂಡು

(ಕಾರವಾರದಲ್ಲಿ ಟೆನಿಸ್ ಕಲಿಯುತ್ತಿರುವ ಮಕ್ಕಳು ಹಾಗೂ ಅವರ ಪೋಷಕರ ಮುಂದೆ ಮಳೆಗಾಲದ ಹೊಸ್ತಿಲಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಟೆನಿಸ್ ಪಂದ್ಯವೊಂದು ಎರಡು ಗಂಟೆ ನಡೆಯಿತು ಎಂದು ನಾವು ಹೇಳುತ್ತೇವಾದರೂ ಆ ಎರಡು ಗಂಟೆಗಳಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವ ಸಮಯ ಬಹಳ ಕಡಿಮೆ. ಮುಂದಿನ ಸಲ ಟಿವಿಯಲ್ಲಿ ಪಂದ್ಯ ನೋಡುವಾಗ ಗಡಿಯಾರ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಸರ್ವ್ ಆಗುತ್ತದೆ, ಕೆಲವೇ ಹೊಡೆತಗಳಲ್ಲಿ ಪಾಯಿಂಟ್ ಮುಗಿಯುತ್ತದೆ. ಆಮೇಲೆ ಆಟಗಾರ ಬೆನ್ನು ತಿರುಗಿಸಿ ನಡೆಯುತ್ತಾನೆ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾನೆ, ಚೆಂಡು ಕೇಳುತ್ತಾನೆ. ಒಂದು ಪಾಯಿಂಟ್ ಮುಗಿದು ಮುಂದಿನದು ಆರಂಭವಾಗುವುದಕ್ಕೆ ನಿಯಮ ಕೊಡುವ ಗರಿಷ್ಠ ಅವಧಿ 25 ಸೆಕೆಂಡು. ಬದಿ ಬದಲಿಸುವಾಗ 90 ಸೆಕೆಂಡು, ಸೆಟ್ ಮುಗಿದಾಗ 120 ಸೆಕೆಂಡು. ಇವನ್ನೆಲ್ಲ ಕೂಡಿಸಿದರೆ ಪಂದ್ಯದ ಬಹುಪಾಲು ಹೊತ್ತು ಆಟಗಾರ ಚೆಂಡು ಹೊಡೆಯುತ್ತಿರುವುದಿಲ್ಲ, ತನ್ನ ಜೊತೆ ತಾನಿರುತ್ತಾನೆ ಎಂಬುದು ಸ್ಪಷ್ಟವಾಗುತ್ತದೆ. ನಾವು ಮನಸ್ಸಿನ ಗಟ್ಟಿತನ ಎಂದು ಕರೆಯುವ ಗುಣ ಕಟ್ಟಿಕೊಳ್ಳುವುದೂ ಕುಸಿಯುವುದೂ ಈ ಹೊತ್ತಿನಲ್ಲಿಯೇ. ಆದ್ದರಿಂದ ಇಂದು ನಾನು ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್‌ಗಳ ಬಗ್ಗೆ ಮಾತನಾಡದೆ ಈ 25 ಸೆಕೆಂಡುಗಳ ಬಗ್ಗೆಯೇ ಹೆಚ್ಚು ಮಾತನಾಡುತ್ತೇನೆ.

ನಿಮ್ಮಲ್ಲಿ ಹಲವರು ನನ್ನ ಬಳಿ ಬಂದು, "ನಮ್ಮ ಮಗ ಅಭ್ಯಾಸದಲ್ಲಿ ಚೆನ್ನಾಗಿ ಆಡುತ್ತಾನೆ, ಪಂದ್ಯ ಎಂದರೆ ಸಾಕು ಕೈ ನಡುಗುತ್ತದೆ, ಅವನ ಸ್ವಭಾವವೇ ಹಾಗೆ" ಎಂದು ಹೇಳಿದ್ದೀರಿ. ಸ್ವಭಾವ ಎಂಬ ಮಾತನ್ನು ಇಲ್ಲಿ ಅಷ್ಟು ಬೇಗ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ವಿನಂತಿ. 1993ರ ವಿಂಬಲ್ಡನ್ ಮಹಿಳೆಯರ ಫೈನಲ್‌ನಲ್ಲಿ ಜಾನಾ ನೊವೊಟ್ನಾ ಅವರು ಸ್ಟೆಫಿ ಗ್ರಾಫ್ ಎದುರು ಮೂರನೆಯ ಸೆಟ್‌ನಲ್ಲಿ 4-1ರಿಂದ ಮುಂದಿದ್ದರು. ಸರ್ವ್ ಅವರದೇ ಆಗಿತ್ತು, ಸ್ಕೋರು 40-30, ಇನ್ನೊಂದು ಪಾಯಿಂಟ್ ಸಿಕ್ಕರೆ 5-1. ಅಲ್ಲಿ ಡಬಲ್ ಫಾಲ್ಟ್ ಆಯಿತು, ಅಂದರೆ ಸರ್ವ್ ಮಾಡುವ ಎರಡೂ ಅವಕಾಶಗಳು ತಪ್ಪಿ ಪಾಯಿಂಟ್ ಹೋಯಿತು. ಅಲ್ಲಿಂದ ಮುಂದೆ ಅವರಿಗೆ ಒಂದು ಗೇಮ್ ಕೂಡ ದಕ್ಕಲಿಲ್ಲ. ಗ್ರಾಫ್ ಆ ಸೆಟ್ಟನ್ನು 6-4ರಿಂದ ಗೆದ್ದರು. ಪ್ರಶಸ್ತಿ ಪ್ರದಾನದ ಹೊತ್ತಿನಲ್ಲಿ ನೊವೊಟ್ನಾ ಡಚೆಸ್ ಆಫ್ ಕೆಂಟ್ ಅವರ ಹೆಗಲಿಗೆ ತಲೆಯಿಟ್ಟು ಅತ್ತರು, ಜಗತ್ತು ಅದನ್ನು ನೋಡಿತು. ಒತ್ತಡದಲ್ಲಿ ನಿಲ್ಲಲಾಗದವರು ಎಂಬ ಹಣೆಪಟ್ಟಿ ಅವರಿಗೆ ಅಂದೇ ಅಂಟಿತು. 1997ರಲ್ಲಿ ಮತ್ತೆ ಫೈನಲ್ ತಲುಪಿ ಮಾರ್ಟಿನಾ ಹಿಂಗಿಸ್ ಅವರಿಗೆ ಸೋತರು. 1998ರಲ್ಲಿ ಮೂರನೆಯ ಸಲ ಫೈನಲ್‌ಗೆ ಬಂದು ನಥಾಲಿ ತೌಜಿಯಾ ಅವರನ್ನು 6-4, 7-6ರಿಂದ ಸೋಲಿಸಿ ಪ್ರಶಸ್ತಿ ಪಡೆದರು. ಹುಟ್ಟಿನಿಂದ ಬಂದ ಸ್ವಭಾವವೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ 1998 ಎಂಬ ವರ್ಷ ಅವರ ಬದುಕಿನಲ್ಲಿ ಹಾಗೆ ಬರುತ್ತಿರಲಿಲ್ಲ.

ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಸೋಲಿನ ಲೆಕ್ಕ. ರೋಜರ್ ಫೆಡರರ್ ತಮ್ಮ ವೃತ್ತಿಜೀವನದಲ್ಲಿ 1,526 ಸಿಂಗಲ್ಸ್ ಪಂದ್ಯಗಳನ್ನಾಡಿ ಅವುಗಳಲ್ಲಿ ಶೇ 80ರ ಹತ್ತಿರ ಗೆದ್ದರು. ಆದರೆ ಆ ಪಂದ್ಯಗಳಲ್ಲಿ ಅವರು ಗೆದ್ದ ಪಾಯಿಂಟ್‌ಗಳು ಶೇ 54 ಮಾತ್ರ. 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಪದವೀಧರರ ಮುಂದೆ ಅವರೇ ಈ ಲೆಕ್ಕವನ್ನು ಇಟ್ಟರು. ಅಂದರೆ ನೂರು ಪಾಯಿಂಟ್‌ಗಳಲ್ಲಿ ನಲವತ್ತಾರನ್ನು ಕಳೆದುಕೊಳ್ಳುತ್ತಲೇ ಅವರು ಆ ಎತ್ತರಕ್ಕೆ ಹೋದರು. ಇದರ ಇನ್ನೊಂದು ಮಗ್ಗುಲನ್ನೂ ಅವರ ಆಟದಲ್ಲಿಯೇ ಕಾಣಬಹುದು. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ ಗೆದ್ದ ಪಾಯಿಂಟ್‌ಗಳು 218, ನೊವಾಕ್ ಜೊಕೊವಿಚ್ ಗೆದ್ದದ್ದು 204. ಐದನೆಯ ಸೆಟ್‌ನಲ್ಲಿ 8-7, 40-15 ಇದ್ದಾಗ ಫೆಡರರ್ ಕೈಯಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳಿದ್ದವು. ಗೆದ್ದವರು ಜೊಕೊವಿಚ್. ಆ ಪಂದ್ಯದಲ್ಲಿ ಗೇಮ್‌ಗಳು ಸಮವಾದಾಗ ಸೆಟ್ ನಿರ್ಧರಿಸಲು ಆಡಿದ ಮೂರು ಟೈಬ್ರೇಕ್‌ಗಳನ್ನೂ ಅವರೇ ಗೆದ್ದರು. ಹದಿನಾಲ್ಕು ಪಾಯಿಂಟ್ ಹೆಚ್ಚು ಗೆದ್ದವರು ಸೋಲುವುದು ಸಾಧ್ಯವಾಗುವ ಆಟ ಇದು. ಹನ್ನೆರಡು ವರ್ಷದ ಮಗುವಿಗೆ ಈ ಲೆಕ್ಕ ಮನದಟ್ಟಾದರೆ, ಒಂದು ಪಾಯಿಂಟ್ ಹೋದದ್ದಕ್ಕೆ ರಾಕೆಟ್ ಎಸೆಯುವ ಕಾರಣವೇ ಸಡಿಲಾಗುತ್ತದೆ. ಜೊತೆಗೆ, ಎಲ್ಲ ಪಾಯಿಂಟ್‌ಗಳ ತೂಕ ಒಂದೇ ಅಲ್ಲ, ಕೆಲವು ಪಾಯಿಂಟ್‌ಗಳು ಬಂದಾಗ ಮನಸ್ಸು ಅಲ್ಲೇ ಇರಬೇಕು ಎಂಬುದೂ ತಿಳಿಯುತ್ತದೆ.

ಹೆದರಿಕೆ ಬಂದಾಗ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಎರಡನೆಯ ಸರ್ವ್‌ನ ಉದಾಹರಣೆಯಿಂದ ಹೇಳುತ್ತೇನೆ, ಏಕೆಂದರೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಟೆನಿಸ್‌ನಲ್ಲಿಲ್ಲ. ಮೊದಲ ಸರ್ವ್ ನೆಟ್‌ಗೆ ಬಡಿದಿದೆ, ಇದೂ ಹೋದರೆ ಪಾಯಿಂಟ್ ಹೋಯಿತು. ಎದೆಬಡಿತ ಏರುತ್ತದೆ, ಉಸಿರು ಮೇಲ್ಮೇಲೆ ಆಡುತ್ತದೆ, ಹಿಡಿ ಬಿಗಿಯುತ್ತದೆ, ಮುಂದೋಳು ಮರಗಟ್ಟಿದಂತಾಗುತ್ತದೆ. ಆಗ ಮಗು ಮಾಡುವುದೇನೆಂದರೆ ಜಾಗ್ರತೆ ವಹಿಸಲೆಂದು ಕೈಯನ್ನು ನಿಧಾನಗೊಳಿಸುವುದು. ಆದರೆ ಎರಡನೆಯ ಸರ್ವ್ ಒಳಗೆ ಬೀಳುವುದು ಚೆಂಡಿಗೆ ಸಿಗುವ ತಿರುಗುವಿಕೆಯಿಂದ. ರಾಕೆಟ್ ವೇಗವಾಗಿ ಚೆಂಡನ್ನು ಉಜ್ಜಿಕೊಂಡು ಮೇಲೇರಿದರೆ ಚೆಂಡು ನೆಟ್ ದಾಟಿದ ಮೇಲೆ ಬಾಗಿ ಕೆಳಗಿಳಿಯುತ್ತದೆ. ಕೈ ನಿಧಾನವಾದರೆ ತಿರುಗುವಿಕೆ ಸಾಲದೆ ಚೆಂಡು ನೆಟ್‌ನಲ್ಲಿ ಉಳಿಯುತ್ತದೆ, ಇಲ್ಲವೇ ಗೆರೆಯಾಚೆ ತೇಲುತ್ತದೆ. ಹೆದರಿದವನು ಸುರಕ್ಷಿತವೆಂದು ಹಿಡಿದ ದಾರಿಯೇ ಅವನನ್ನು ಕೆಡಿಸುತ್ತದೆ. ಮಗುವಿಗೆ "ಹೆದರಬೇಡ" ಎಂದು ಹೇಳಿ ಪ್ರಯೋಜನವಿಲ್ಲ. ಹೆದರಿಕೆ ಬಂದಾಗಲೂ ಕೈಯನ್ನು ವೇಗವಾಗಿ ಬೀಸಲು ಕಲಿಸಬಹುದು, ಅದನ್ನು ದಿನವೂ ಅಭ್ಯಾಸ ಮಾಡಿಸಬಹುದು, ಅದು ಬಂದಿದೆಯೇ ಇಲ್ಲವೇ ಎಂಬುದನ್ನು ಕಣ್ಣಾರೆ ನೋಡಬಹುದು.

ಈಗ ಆ 25 ಸೆಕೆಂಡುಗಳಿಗೆ ಬರೋಣ. ಅಮೆರಿಕದ ಕ್ರೀಡಾ ಮನಶ್ಶಾಸ್ತ್ರಜ್ಞ ಜಿಮ್ ಲೋಯರ್ ಅವರು ಉತ್ತಮ ಆಟಗಾರರು ಎರಡು ಪಾಯಿಂಟ್‌ಗಳ ನಡುವೆ ಏನು ಮಾಡುತ್ತಾರೆಂಬುದನ್ನು ಗಮನಿಸಿ, ಅಲ್ಲಿ ನಾಲ್ಕು ಹಂತಗಳಿರುವುದನ್ನು ಗುರುತಿಸಿದರು. ಪಾಯಿಂಟ್ ಮುಗಿದ ಕೂಡಲೇ ದೇಹ ಕುಗ್ಗದಂತೆ ನಿಲ್ಲುವುದು, ಬಳಿಕ ಸ್ನಾಯುಗಳನ್ನು ಸಡಿಲಗೊಳಿಸುವುದು, ಅನಂತರ ಮುಂದಿನ ಪಾಯಿಂಟ್‌ಗೆ ಏನು ಮಾಡಬೇಕೆಂದು ನಿಶ್ಚಯಿಸುವುದು, ಕೊನೆಗೆ ಸರ್ವ್ ಮಾಡುವ ಅಥವಾ ತೆಗೆದುಕೊಳ್ಳುವ ಮೊದಲಿನ ನಿತ್ಯದ ಕ್ರಮ. ನಾನು ಮಕ್ಕಳಿಗೆ ಕಲಿಸುವುದು ಇದನ್ನೇ, ಕೆಲವು ಕೈಕೆಲಸಗಳ ರೂಪದಲ್ಲಿ. ಪಾಯಿಂಟ್ ಮುಗಿದೊಡನೆ ನೆಟ್‌ಗೆ ಬೆನ್ನು ಮಾಡು. ರಾಕೆಟ್ಟನ್ನು ಆಡದ ಕೈಗೆ ವರ್ಗಾಯಿಸು, ಆಡುವ ಕೈಯ ಬೆರಳುಗಳನ್ನು ಬಿಚ್ಚು. ಬೇಸ್‌ಲೈನ್ ಹಿಂದಕ್ಕೆ ನಡೆಯುತ್ತಾ ರಾಕೆಟ್ಟಿನ ತಂತಿಗಳನ್ನು ಬೆರಳಿನಿಂದ ಒಂದೊಂದಾಗಿ ನೇರ ಮಾಡು, ಕಣ್ಣು ಅಲ್ಲಿಯೇ ಇರಲಿ. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು. ದೀರ್ಘವಾಗಿ ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ ಎಂಬುದು ದೇಹಶಾಸ್ತ್ರದ ಸಂಗತಿ. ಆಮೇಲೆ ತಿರುಗಿ, ಸ್ಕೋರನ್ನು ಗಟ್ಟಿಯಾಗಿ ಹೇಳು, ಎಲ್ಲಿಗೆ ಸರ್ವ್ ಮಾಡಬೇಕೆಂದು ನಿರ್ಧರಿಸು, ಚೆಂಡನ್ನು ಪ್ರತಿಸಲವೂ ಅಷ್ಟೇ ಬಾರಿ ಪುಟಿಸು. ಇಷ್ಟೇ. ಗೆದ್ದ ಪಾಯಿಂಟ್ ಆದ ಮೇಲೂ ಇದೇ ಕ್ರಮ, ಕಳೆದುಕೊಂಡ ಪಾಯಿಂಟ್ ಆದ ಮೇಲೂ ಇದೇ ಕ್ರಮ. ಹಲವರು ಗೆದ್ದಾಗ ಇದನ್ನು ಬಿಟ್ಟುಬಿಡುತ್ತಾರೆ, ಹಾಗಾಗಿ ಬೇಕಾದಾಗ ಅದು ಕೈಗೆ ಬರುವುದಿಲ್ಲ.

ಇದನ್ನು ಮೊದಲ ಸಲ ವಿವರಿಸುವಾಗ ನಾನು ಯಕ್ಷಗಾನದ ಮೊರೆ ಹೋಗುತ್ತೇನೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಅದನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ವೇಷಧಾರಿ ಅರ್ಥ ಹೇಳುವಾಗ ಒಮ್ಮೊಮ್ಮೆ ಮಾತು ಕೈಕೊಡುತ್ತದೆ. ಆಗ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಮದ್ದಳೆ ಕೂಡಿಕೊಳ್ಳುತ್ತದೆ, ವೇಷಧಾರಿ ಕುಣಿಯತೊಡಗುತ್ತಾನೆ. ಆ ಪದ್ಯ ಮುಗಿಯುವುದರೊಳಗೆ ಹೆಜ್ಜೆಗಳ ನಡುವೆಯೇ ಅವನು ತನ್ನನ್ನು ಸಾವರಿಸಿಕೊಂಡಿರಬೇಕು. ಮುಂದಿನ ಅರ್ಥಕ್ಕೆ ಬಾಯಿ ತೆರೆದಾಗ ಹಿಂದಿನ ತಡವರಿಕೆ ಅವನ ಮುಖದಲ್ಲಿರಕೂಡದು. ಮನಸ್ಸನ್ನು ಮನಸ್ಸಿನಿಂದಲೇ ಹಿಡಿದು ನಿಲ್ಲಿಸುವುದು ಕಷ್ಟ. ಗೊತ್ತಾದ ಹೆಜ್ಜೆಗಳನ್ನು ಹಾಕುವ ದೇಹವು ಮನಸ್ಸನ್ನು ತನ್ನ ಹಿಂದೆ ಕರೆದುಕೊಂಡು ಬರುತ್ತದೆ.

ಇನ್ನು ಕಾರವಾರದ ಗಾಳಿಯ ಬಗ್ಗೆ ಹೇಳಬೇಕು. ಹಗಲೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಮಧ್ಯಾಹ್ನದ ಮೇಲೆ ಪಡುವಣದಿಂದ ಕಡಲ ಗಾಳಿ ಏಳುತ್ತದೆ. ಬೆಳಗಿನ ಮತ್ತು ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯಬಾರದೆಂದು ಟೆನಿಸ್ ಕೋರ್ಟ್‌ಗಳನ್ನು ಸಾಮಾನ್ಯವಾಗಿ ಉತ್ತರ-ದಕ್ಷಿಣವಾಗಿ ಹಾಕುತ್ತಾರೆ. ಪರಿಣಾಮವಾಗಿ ನಮ್ಮಲ್ಲಿ ಸಂಜೆಯ ಅಭ್ಯಾಸದ ಹೊತ್ತಿಗೆ ಗಾಳಿ ಕೋರ್ಟಿಗೆ ಅಡ್ಡವಾಗಿ ಬೀಸುತ್ತದೆ. ದಕ್ಷಿಣದ ತುದಿಯಲ್ಲಿ ನಿಂತು ಉತ್ತರಕ್ಕೆ ಸರ್ವ್ ಮಾಡುವವನು ಮೇಲೆಸೆದ ಚೆಂಡನ್ನು ಗಾಳಿ ಬಲಕ್ಕೆ ತಳ್ಳುತ್ತದೆ. ಬದಿ ಬದಲಿಸಿದಾಗ ಅದೇ ಗಾಳಿ ಎಡಕ್ಕೆ ತಳ್ಳಿ ಬಲಗೈ ಆಟಗಾರನ ತಲೆಯ ಮೇಲೆ ತಂದು ನಿಲ್ಲಿಸುತ್ತದೆ. ಒಂದು ತುದಿಯಲ್ಲಿ ರೂಢಿಯಾದದ್ದು ಇನ್ನೊಂದು ತುದಿಯಲ್ಲಿ ಕೆಲಸಕ್ಕೆ ಬಾರದು. ಜೊತೆಗೆ ನಮ್ಮ ಕರಾವಳಿಯ ಬೆವರು, ಒದ್ದೆಯಾದ ಹಿಡಿ, ತೇವ ಹೀರಿ ಭಾರವಾದ ಚೆಂಡು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ಮಕ್ಕಳು ಮೊದಲ ದಿನ ಇದರಿಂದ ಕಂಗಾಲಾಗುವುದನ್ನು ನೋಡಿದ್ದೇನೆ. ಕೆಲವು ಪೋಷಕರು ಗಾಳಿಯಿಲ್ಲದ ಬೆಳಗಿನ ಹೊತ್ತಿಗೇ ಅಭ್ಯಾಸ ಇಡಿ ಎನ್ನುತ್ತಾರೆ. ಬೆಳಗಿನ ಅಭ್ಯಾಸ ಹೊಡೆತ ಕಲಿಯುವುದಕ್ಕೆ ಒಳ್ಳೆಯದು. ಪಂದ್ಯಾಭ್ಯಾಸವನ್ನು ಮಾತ್ರ ಗಾಳಿ ಬೀಸುವ ಸಂಜೆಯಲ್ಲಿಯೇ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ತನ್ನ ಹಿಡಿತಕ್ಕೆ ಸಿಗದ ಸಂಗತಿಯೊಂದರ ಜೊತೆ ದೂರದೆ, ಗೊಣಗದೆ ಕೆಲಸ ಮಾಡುವುದನ್ನು ಕಡಲ ಗಾಳಿಯಷ್ಟು ಚೆನ್ನಾಗಿ ಯಾವ ತರಬೇತುದಾರನೂ ಕಲಿಸಲಾರ.

ಅಂಕೋಲಾ ಕಡೆಯಿಂದ ಬರುವ ಒಬ್ಬ ಹುಡುಗಿಯ ಪಂದ್ಯ ನೆನಪಾಗುತ್ತದೆ. ಟೈಬ್ರೇಕ್ ನಡೆಯುತ್ತಿತ್ತು, ಅವಳು ಉತ್ತರದ ತುದಿಯಲ್ಲಿದ್ದಳು. ಚೆಂಡು ಮೇಲೆಸೆದಳು, ಗಾಳಿ ಎಳೆಯಿತು; ರಾಕೆಟ್ ಬೀಸದೆ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡಳು. ಮತ್ತೆ ಎಸೆದಳು, ಮತ್ತೆ ಹಿಡಿದುಕೊಂಡಳು. ಬೇಲಿಯಾಚೆ ಯಾರೋ ನಕ್ಕರು. ಹೊಡೆಯುವ ಪ್ರಯತ್ನ ಮಾಡದೆ ಚೆಂಡನ್ನು ಹಿಡಿದುಕೊಂಡರೆ ಅದು ಫಾಲ್ಟ್ ಅಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಿಯಮ ಗೊತ್ತಿರುವುದು ಬೇರೆ, ನಗುವ ಜನರ ಮುಂದೆ ಆ ಅವಕಾಶವನ್ನು ಬಳಸಿಕೊಳ್ಳುವುದು ಬೇರೆ. ಬಹಳಷ್ಟು ಮಕ್ಕಳು ನಾಚಿಕೆಗೆ ಸಿಕ್ಕಿ ಕೆಟ್ಟ ಚೆಂಡನ್ನೇ ಹೊಡೆದುಬಿಡುತ್ತಾರೆ. ಈ ಹುಡುಗಿ ಬೆವರಿದ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು, ಕಾಲನ್ನು ಸ್ವಲ್ಪ ಸರಿಸಿ ನಿಂತಳು, ಮೊದಲಿಗಿಂತ ಕೆಳಮಟ್ಟಕ್ಕೆ ಚೆಂಡೆಸೆದು ಕೈಯನ್ನು ಪೂರ್ತಿ ಬೀಸಿದಳು. ಆ ಸರ್ವ್ ಒಳಗೆ ಬಿತ್ತು. ಪಂದ್ಯವನ್ನು ಅವಳು ಸೋತಳು. ಆದರೂ ನನಗೆ ಅವಳ ಆಟದಲ್ಲಿ ಅಂದು ಕಂಡ ಬೆಳವಣಿಗೆ ಅದರ ಹಿಂದಿನ ಹಲವು ಗೆಲುವುಗಳಲ್ಲಿ ಕಂಡಿರಲಿಲ್ಲ.

ಜಿಲ್ಲಾ ಮಟ್ಟದ ಮಕ್ಕಳ ಪಂದ್ಯಗಳಲ್ಲಿ ಪ್ರತಿ ಕೋರ್ಟಿಗೂ ಅಂಪೈರ್ ಇರುವುದಿಲ್ಲ. ತನ್ನ ಬದಿಯಲ್ಲಿ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಟಗಾರನೇ ಹೇಳಬೇಕು. ಹೊರಗೆಂದು ಖಚಿತವಾಗಿ ಕಾಣದಿದ್ದರೆ ಅದು ಒಳಗೆಂದೇ ಲೆಕ್ಕ. ಸರ್ವ್ ಮಾಡುವವನು ಪ್ರತಿ ಪಾಯಿಂಟ್‌ಗೂ ಮೊದಲು ಸ್ಕೋರನ್ನು ಎದುರಾಳಿಗೆ ಕೇಳುವಂತೆ ಹೇಳಬೇಕು. ಸ್ಕೋರಿನ ಬಗ್ಗೆ ವ್ಯಾಜ್ಯವಾದರೆ ಇಬ್ಬರೂ ಒಪ್ಪುವ ಪಾಯಿಂಟ್‌ಗಳನ್ನು ಉಳಿಸಿಕೊಂಡು ವ್ಯಾಜ್ಯದ ಪಾಯಿಂಟ್‌ಗಳನ್ನಷ್ಟೇ ಮತ್ತೆ ಆಡಬೇಕು. ಸೋಲುತ್ತಿರುವಾಗ, ಗೆರೆಯ ಹೊರ ಅಂಚನ್ನು ಸವರಿಕೊಂಡು ಬಂದ ಎದುರಾಳಿಯ ಚೆಂಡನ್ನು "ಒಳಗೆ" ಎಂದು ಒಪ್ಪಿಕೊಳ್ಳುವುದಕ್ಕೆ ಎಷ್ಟು ಬಲ ಬೇಕು ಎಂಬುದನ್ನು ಹೊರಗೆ ಕುಳಿತ ನಾವು ಮರೆಯುತ್ತೇವೆ. ಎದುರಾಳಿ ತಪ್ಪಾಗಿ ಹೇಳಿದನೆಂದು ಅನಿಸಿದಾಗ ಕೂಗಾಡದೆ, "ಖಚಿತವೇ?" ಎಂದು ಒಂದು ಸಲ ಕೇಳಿ, ಉತ್ತರ ಪಡೆದು, ಬೆನ್ನು ತಿರುಗಿಸಿ ನಡೆಯುವುದೂ ಅಷ್ಟೇ ಕಷ್ಟ. ಮನಸ್ಸು ಗಟ್ಟಿಯಾಗಬೇಕು ಎಂದು ಬಯಸುವ ನಾವು, ಪ್ರಾಮಾಣಿಕತೆಯನ್ನು ಅದರಿಂದ ಬೇರ್ಪಡಿಸಿ ನೋಡಬಾರದು. ಸುಳ್ಳು ಹೇಳಿ ಪಡೆದ ಪಾಯಿಂಟ್ ಆ ಮಗುವಿನ ಮುಂದಿನ ನಾಲ್ಕು ಪಾಯಿಂಟ್‌ಗಳನ್ನು ಕಾಡುವುದನ್ನು ನಾನು ಕೋರ್ಟಿನ ಪಕ್ಕದಲ್ಲಿ ನಿಂತು ಕಂಡಿದ್ದೇನೆ.

ಅಭ್ಯಾಸದಲ್ಲಿಯೇ ಒತ್ತಡವನ್ನು ತಂದುಕೊಳ್ಳುವುದಕ್ಕೆ ಸರಳ ಉಪಾಯಗಳಿವೆ. ಪ್ರತಿ ಗೇಮನ್ನೂ ಸರ್ವ್ ಮಾಡುವವನು 0-30ರಿಂದ ಹಿಂದಿರುವಂತೆ ಆರಂಭಿಸುವುದು. ಇಡೀ ಸೆಟ್ಟನ್ನು ಒಂದೇ ಸರ್ವ್ ಅವಕಾಶದೊಂದಿಗೆ ಆಡಿಸುವುದು. ಹತ್ತು ಪಾಯಿಂಟ್‌ಗಳ ಟೈಬ್ರೇಕ್‌ಗಳನ್ನು ದಣಿದ ಮೇಲೆ ಆಡಿಸುವುದು. ಸೋತವರಿಗೆ ಕೋರ್ಟ್ ಸುತ್ತ ಓಡಿಸುವ ಪದ್ಧತಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಸೋಲಿಗೂ ಶಿಕ್ಷೆಗೂ ಗಂಟು ಹಾಕಿದ ಮೇಲೆ ಮಗು ಬ್ರೇಕ್ ಪಾಯಿಂಟ್ (ಸರ್ವ್ ಮಾಡುವವನು ಕಳೆದುಕೊಂಡರೆ ಗೇಮೇ ಹೋಗುವ ಪಾಯಿಂಟ್) ಬಂದಾಗ ಚೆಂಡನ್ನು ನೋಡುವುದಿಲ್ಲ, ಶಿಕ್ಷೆಯನ್ನು ನೋಡುತ್ತದೆ.

ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ ಕೊಡಗಿನ ರೋಹನ್ ಬೋಪಣ್ಣ ಇದ್ದಾರೆ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅವರ ಜೊತೆಗೂಡಿ ಅಮೆರಿಕ ಓಪನ್ ಪುರುಷರ ಡಬಲ್ಸ್ ಫೈನಲ್‌ನಲ್ಲಿ ಸೋತರು. ಅದೇ ಟೂರ್ನಿಯ ಫೈನಲ್‌ಗೆ ಮತ್ತೆ ಬಂದದ್ದು 2023ರಲ್ಲಿ, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ, ಆಗಲೂ ಸೋತರು. ಮರುವರ್ಷ ಜನವರಿಯಲ್ಲಿ ಇದೇ ಜೋಡಿ ಆಸ್ಟ್ರೇಲಿಯಾ ಓಪನ್ ಗೆದ್ದಿತು. ಬೋಪಣ್ಣ ಅವರಿಗೆ ಆಗ 43 ವರ್ಷ. ಮೊದಲ ಸಲ ಡಬಲ್ಸ್ ವಿಶ್ವ ಒಂದನೆಯ ಸ್ಥಾನಕ್ಕೆ ಏರಿದ್ದೂ ಆ ವಯಸ್ಸಿನಲ್ಲಿಯೇ. ಸವೆದ ಮೊಣಕಾಲುಗಳಿಗೆ ಅಯ್ಯಂಗಾರ್ ಯೋಗ ನೆರವಾಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಎರಡು ಫೈನಲ್‌ಗಳ ನಡುವಿನ ಹದಿಮೂರು ವರ್ಷಗಳ ಬಗ್ಗೆ ಮಕ್ಕಳ ಜೊತೆ ಮಾತನಾಡಿ. ಕೊನೆಯ ಕಪ್ಪಿನ ಚಿತ್ರ ತೋರಿಸುವುದಕ್ಕಿಂತ ಅದು ಹೆಚ್ಚು ಉಪಯುಕ್ತ.

ಇನ್ನು ಪೋಷಕರಿಗೆ ಸಂಬಂಧಿಸಿದ ಮಾತು, ನೇರವಾಗಿಯೇ ಹೇಳುತ್ತೇನೆ. ಪಾಯಿಂಟ್ ಕಳೆದುಕೊಂಡ ಮಗು ಬೆನ್ನು ತಿರುಗಿಸಿದಾಗ ಮೊದಲು ನೋಡುವುದು ಬೇಲಿಯಾಚೆ ಕುಳಿತ ನಿಮ್ಮ ಮುಖವನ್ನು. ನೀವು ಹಣೆ ಚಚ್ಚಿಕೊಂಡರೆ, ಪಕ್ಕದವರ ಕಡೆ ತಿರುಗಿ ತಲೆಯಾಡಿಸಿದರೆ, ಅದರ 25 ಸೆಕೆಂಡುಗಳನ್ನು ನೀವು ತೆಗೆದುಕೊಂಡಂತಾಯಿತು. ಪಂದ್ಯ ಮುಗಿದ ಮೇಲಿನ ಪ್ರಯಾಣವೂ ಮುಖ್ಯ. ಶಿರಸಿಯ ಕಡೆಯ ಒಬ್ಬ ತಂದೆ ಕುಮಟಾದಿಂದ ಹೊರಟು ದೇವಿಮನೆ ಘಟ್ಟ ಹತ್ತಿ ಮುಗಿಯುವವರೆಗೆ ಪಂದ್ಯದ ಬಗ್ಗೆ ತಾವಾಗಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. "ತಮಾ, ಆಸ್ರಿಗೆ ಎಂತ ಬೇಕು?" (ಮಗಾ, ಕುಡಿಯಲು ಏನು ಬೇಕು?) ಎಂದಷ್ಟೇ ಕೇಳುತ್ತಾರೆ. ಬಹಳ ಸಲ ಘಟ್ಟದ ಅರ್ಧ ದಾರಿಯಲ್ಲಿ ಹುಡುಗ ತಾನೇ ಬಾಯಿಬಿಡುತ್ತಾನಂತೆ, ಎಲ್ಲಿ ಅವಸರ ಮಾಡಿದೆ, ಎಲ್ಲಿ ಗಮನ ಹೋಯಿತು ಎಂದು. ಅವನು ಹೇಳಿದ್ದನ್ನು ತಂದೆ ತಿದ್ದಲು ಹೋಗುವುದಿಲ್ಲ. ಆ ಹುಡುಗ ತನ್ನ ಆಟವನ್ನು ತಾನೇ ಓದಿಕೊಳ್ಳಲು ಕಲಿತಿರುವುದರಲ್ಲಿ ಈ ಪ್ರಯಾಣಗಳ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ಗಟ್ಟಿತನದ ಹೆಸರಿನಲ್ಲಿ ಮಕ್ಕಳ ಬಾಯಿ ಮುಚ್ಚಿಸುವ ಅಪಾಯವೂ ಇದೆ. 2021ರಲ್ಲಿ ಜಪಾನಿನ ಆಟಗಾರ್ತಿ ನವೊಮಿ ಒಸಾಕಾ ಫ್ರೆಂಚ್ ಓಪನ್‌ನಿಂದ ಹಿಂದೆ ಸರಿದು, 2018ರಿಂದ ತಾವು ಖಿನ್ನತೆಯ ಅವಧಿಗಳನ್ನು ಅನುಭವಿಸಿದ್ದಾಗಿ ಹೇಳಿದಾಗ ಅವರು ಅದಾಗಲೇ ನಾಲ್ಕು ಗ್ರ್ಯಾನ್ ಸ್ಲಾಮ್ ಗೆದ್ದವರು. ಒತ್ತಡದಲ್ಲಿ ಆಡಬಲ್ಲವರಿಗೂ ಕಾಯಿಲೆ ಬರುತ್ತದೆ. ನಿಮ್ಮ ಮಗುವಿಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಪಂದ್ಯದ ಹಿಂದಿನ ದಿನಗಳಲ್ಲಿ ಮತ್ತೆ ಮತ್ತೆ ಹೊಟ್ಟೆನೋವು ಎನ್ನುತ್ತಿದ್ದರೆ, ಆಡುವ ಸಂತೋಷವೇ ಹೋಗಿದ್ದರೆ, ಅಲ್ಲಿ ಉಸಿರಾಟದ ಕ್ರಮವಾಗಲಿ ನನ್ನಂಥ ತರಬೇತುದಾರನಾಗಲಿ ಸಾಲದು, ವೈದ್ಯರ ಬಳಿ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲಿಯೂ ಮಾತನಾಡಬಹುದು. ಆಟವನ್ನು ಕೆಲವು ತಿಂಗಳು ಬಿಟ್ಟರೂ ನಷ್ಟವಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದರೆ ನಮ್ಮ ಬಯಲು ಕೋರ್ಟ್‌ಗಳು ಸೆಪ್ಟೆಂಬರ್ ಮುಗಿಯುವವರೆಗೆ ಹೆಚ್ಚಿನ ದಿನ ಆಡಲು ಸಿಗುವುದಿಲ್ಲ. ಆ ತಿಂಗಳುಗಳಲ್ಲಿ ಏನು ಮಾಡಿಸಬೇಕೆಂದು ಹಲವರು ಕೇಳಿದ್ದೀರಿ. ಸೂರಿನ ಕೆಳಗೆ ಒಂದು ಗೋಡೆಯಿದ್ದರೆ ಸಾಕು. ಗೋಡೆಗೆ ನೆಟ್‌ನ ನಡುವಿನ ಎತ್ತರಕ್ಕೆ, ಅಂದರೆ ಮೂರು ಅಡಿಗೆ, ಸುಣ್ಣದ ಗೆರೆ ಎಳೆಯಿರಿ. ಮಗು ಅದರ ಮೇಲಕ್ಕೆ ಹೊಡೆಯಲಿ, ತಪ್ಪಿದಾಗ ಚೆಂಡಿನ ಹಿಂದೆ ಓಡದೆ ಬೆನ್ನು ತಿರುಗಿಸಿ, ರಾಕೆಟ್ ಕೈ ಬದಲಿಸಿ, ತಂತಿ ನೇರ ಮಾಡಿ, ಉಸಿರು ಬಿಟ್ಟು, ಆಮೇಲೆ ಚೆಂಡು ಎತ್ತಿಕೊಳ್ಳಲಿ. ಮೊದಮೊದಲು ನೀವು ಪಕ್ಕದಲ್ಲಿ ನಿಂತು 25 ಸೆಕೆಂಡು ಎಣಿಸಬೇಕಾಗಬಹುದು. ಅಕ್ಟೋಬರ್‌ನಲ್ಲಿ ಕೋರ್ಟ್ ಒಣಗಿದ ಮೇಲೆ ಮೊದಲ ವಾರ ನಾನು ಸ್ಕೋರು ಬರೆದುಕೊಳ್ಳುವುದಿಲ್ಲ; ತಪ್ಪಿದ ಮೇಲೆ ಯಾರು ಈ ಕ್ರಮವನ್ನು ಪೂರ್ತಿ ಮಾಡುತ್ತಾರೆ, ಯಾರು ಅರ್ಧಕ್ಕೆ ಬಿಡುತ್ತಾರೆ ಎಂಬುದನ್ನಷ್ಟೇ ಬರೆದುಕೊಂಡು, ಅದನ್ನು ನೋಡಿಕೊಂಡು ಮುಂದಿನ ತಿಂಗಳ ಪಂದ್ಯಾಭ್ಯಾಸದ ಜೋಡಿಗಳನ್ನು ನಿಶ್ಚಯಿಸುತ್ತೇನೆ.